ಬಚ್ಚಲುಮನೆಯಲ್ಲಿ ಆಡಿದ ಭಾಷೆ

ಮೊನ್ನೆ ಮಗ ಮಾರ್ಕೆಟ್‌ನಿಂದ ಬರುವಾಗ ಒಂದು ಕಟ್ಟು ನಿಂಬೆಹುಲ್ಲು ತಂದಿದ್ದ. ಟೀಗೆ ಹಾಕಿದರೆ ಸೊಸೆಗೆ ಇಷ್ಟವಂತೆ. ನಾನು ಅದರಲ್ಲಿ ಒಂದಷ್ಟು ಎಸಳು ಎಳೆದು, ಮಡಚಿ ಗಂಟು ಹಾಕಿ, ಬಾಣಂತಿ ಸ್ನಾನಕ್ಕೆ ಕಾಯುತ್ತಿದ್ದ ನೀರಿಗೆ ಬಿಟ್ಟೆ. ಯಾಕೆ ಬಿಟ್ಟೆನೋ ಗೊತ್ತಿಲ್ಲ, ಕೈ ತಾನಾಗಿ ಮಾಡಿತು. ಸ್ವಲ್ಪ ಹೊತ್ತಿಗೆ ಹಬೆ ಎದ್ದಿತು. ಆ ವಾಸನೆ ಮೂಗಿಗೆ ಬಿದ್ದಿದ್ದೇ ತಡ, ನಾನು ಹೇರೋಹಳ್ಳಿಯ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಬಸವೇಶ್ವರನಗರದ ಒಂದು ಮನೆಯ ಹಿತ್ತಿಲ ಬಚ್ಚಲುಮನೆಯಲ್ಲಿದ್ದೆ. ಎದುರಿಗೆ ಮಣೆಯ ಮೇಲೆ ಆ ಹುಡುಗಿ ಕೂತಿದ್ದಳು. ಕೂದಲಿಂದ ನೀರು ಇಳಿಯುತ್ತಿತ್ತು, ತುಟಿ ಅಲ್ಲಾಡುತ್ತಿತ್ತು...

ಮಕ್ಕಳಿಗೆ ಎರೆಯುವುದು ನನ್ನ ಕೆಲಸವಾಗಿತ್ತು. ಅದೇನು ಅಂತ ಈಗಿನವರಿಗೆ ಬಿಡಿಸಿ ಹೇಳಬೇಕು. ಹೆರಿಗೆಯಾದ ಮನೆಗೆ ದಿನಾ ಬೆಳಿಗ್ಗೆ ಹೋಗುವುದು, ಬಾಣಂತಿಗೆ ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುವುದು. ಆಮೇಲೆ ಕಾಲು ನೀಡಿಕೊಂಡು ಕೂತು, ಕಾಲ ಮೇಲೆ ಮಗುವನ್ನು ಬೋರಲು ಹಾಕಿಕೊಂಡು ಎರೆದು, ಸಾಂಬ್ರಾಣಿ ಹೊಗೆ ಕೊಟ್ಟು, ಬಟ್ಟೆ ಸುತ್ತಿ ಮಲಗಿಸುವುದು. ಬಿನ್ನಿಪೇಟೆಯಲ್ಲಿದ್ದಾಗ ನಮ್ಮತ್ತೆ ಈ ಕೆಲಸ ಮಾಡುತ್ತಿದ್ದರು. ಅವರ ಕೈ ನಡುಗಲು ಶುರುವಾದ ಮೇಲೆ ಅದು ನನ್ನ ಪಾಲಿಗೆ ಬಂತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಯಾವ ಕ್ರಾಸಿನಲ್ಲಿ ಯಾರ ಮನೆಯ ಬಚ್ಚಲು ಹೇಗಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಈ ಸೊಂಟ, ಈ ಮೊಣಕಾಲು ಹೋಗಿದ್ದೆಲ್ಲ ಅದರಲ್ಲೇ. ಈಗ ಒಂದು ಸಲ ನೆಲಕ್ಕೆ ಕೂತರೆ ಏಳಲು ಗೋಡೆ ಬೇಕು, ಇಲ್ಲವೇ ಮಗ ಬೇಕು.

ಆದರೂ ಕೂರುತ್ತಿದ್ದೇನೆ. ಎಷ್ಟೋ ಮನೆಯವರ ಮೊಮ್ಮಕ್ಕಳಿಗೆ ಎರೆದವಳಿಗೆ ಈಗ ತನ್ನದೇ ಮೊಮ್ಮಗ ಬಂದಿದ್ದಾನೆ ಎಂದರೆ ಕೂರದೆ ಇರುತ್ತಾಳೆಯೇ? ಅವನು ಕಾಲ ಮೇಲೆ ಮಲಗಿದರೆ ನನಗೆ ನೋವೂ ತಿಳಿಯುವುದಿಲ್ಲ, ಹೊತ್ತೂ ತಿಳಿಯುವುದಿಲ್ಲ. ಎದ್ದ ಮೇಲೆ ಎರಡೂ ಒಟ್ಟಿಗೆ ತಿಳಿಯುತ್ತವೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಬರೆಯುವುದು ನಿಧಾನ. ಸಂತೋಷ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಬರೆಯಲು ಕೂತೆ. ಬರೆಯಲು ಕೂತರೆ ಮೊಮ್ಮಗನಿಗಿಂತ ಮೊದಲು ಆ ಹುಡುಗಿಯೇ ಬಂದು ನಿಂತಳು. ಅವಳನ್ನು ಮುಗಿಸದೆ ಮುಂದಕ್ಕೆ ಹೋಗುವ ಹಾಗಿಲ್ಲ ಅನ್ನಿಸುತ್ತದೆ.

ಅವಳು ಥಾಯ್ಲೆಂಡ್ ಕಡೆಯವಳು. ಆ ಮನೆಯ ಮಗ ಯಾವುದೋ ಮೆಷಿನ್ ಕಂಪನಿಯ ಕೆಲಸಕ್ಕೆ ಅಲ್ಲಿಗೆ ಹೋಗಿದ್ದವನು ಅವಳನ್ನು ಮದುವೆಯಾಗಿ ಕರೆದುಕೊಂಡು ಬಂದಿದ್ದ. ಅವನ ತಾಯಿಯನ್ನು ನಾನು ಅಮ್ಮಾವ್ರು ಅನ್ನುತ್ತಿದ್ದೆ. ಒಬ್ಬನೇ ಮಗ, ಗಂಡ ತೀರಿಕೊಂಡಿದ್ದರು. ಮಗ ವರ್ಷಗಟ್ಟಲೆ ದೂರ ಇದ್ದು ಮನೆಗೆ ಬಂದಿದ್ದಾನೆ ಅನ್ನುವುದೇ ಅವರಿಗೆ ದೊಡ್ಡದು. ಸೊಸೆಯನ್ನು ಬೈಯುತ್ತಿರಲಿಲ್ಲ, ಉಪವಾಸ ಇಡುತ್ತಿರಲಿಲ್ಲ. ಬಾಣಂತಿ ಸಾರು, ತುಪ್ಪ, ಬೆಳ್ಳುಳ್ಳಿ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಅವಳು ಬಾಯಿ ಬಿಟ್ಟರೆ ಅವರ ಮುಖ ಬಿಗಿಯುತ್ತಿತ್ತು.

ಅವಳ ಮಾತು ಮಾತಿನ ಹಾಗೆ ಇರುತ್ತಲೇ ಇರಲಿಲ್ಲ. ಚಿಕ್ಕ ಚಿಕ್ಕ ಪದ, ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ, ಒಂದು ಮೇಲಕ್ಕೆ ಹೋದರೆ ಇನ್ನೊಂದು ಕೆಳಕ್ಕೆ ಜಾರುತ್ತಿತ್ತು. ಜೋಕಾಲಿಯಲ್ಲಿ ಕೂತವರು ಮಾತಾಡಿದ ಹಾಗೆ. ಬಾ ಅನ್ನುವುದಕ್ಕೆ ‘ಮಾ’ ಅನ್ನಬೇಕು ಅಂತ ನನಗೆ ಕಲಿಸಿದಳು. ನಾನು ‘ಮಾ, ಮಾ’ ಅಂತ ಕರೆದರೆ ಬಾಯಿ ಮುಚ್ಚಿಕೊಂಡು ನಕ್ಕಳು, ಗೇಟಿನ ಹತ್ತಿರ ಮಲಗಿದ್ದ ಬೀದಿನಾಯಿ ಕಡೆ ಕೈ ತೋರಿಸಿದಳು. ದನಿಯನ್ನು ಸ್ವಲ್ಪ ಎಳೆದು ಮೇಲಕ್ಕೆತ್ತಿದ್ದಕ್ಕೆ ನಾನು ಬಾಣಂತಿಯನ್ನು ನಾಯಿ ಮಾಡಿದ್ದೆ. ಆಮೇಲೆ ಇನ್ನೊಂದು ತರಹ ಎತ್ತಿದರೆ ಕುದುರೆಯಂತೆ. ನಮ್ಮಲ್ಲಿ ಸಿಟ್ಟು ಬಂದರೆ ದನಿ ಏರುತ್ತದೆ, ಅವರಲ್ಲಿ ದನಿ ಏರಿದರೆ ಪದವೇ ಬೇರೆಯಾಗುತ್ತದೆ. ಹಾಗಾದರೆ ಅವರು ಜಗಳ ಹೇಗೆ ಆಡುತ್ತಾರೋ ಅಂತ ನಾನು ದಾರಿಯುದ್ದಕ್ಕೂ ಯೋಚನೆ ಮಾಡಿಕೊಂಡು ಬಂದಿದ್ದೆ.

ಕನ್ನಡವನ್ನೂ ಅವಳು ಹಾಗೇ ಬಿಡಿಬಿಡಿಯಾಗಿ ಕಲಿತಳು. ನಿನ್ನೆ ಹೋಗು, ನಾಳೆ ಹೋಗು, ಅವರು ಹೋಗು. ಹೋದೆ, ಹೋಗ್ತೀನಿ ಅಂತ ಪದಕ್ಕೆ ಬಾಲ ಕಟ್ಟುವುದೇ ಇಲ್ಲ. ಅವರ ಭಾಷೆಯಲ್ಲಿ ನಿನ್ನೆಗೂ ನಾಳೆಗೂ ಪದ ಬದಲಾಗುವುದಿಲ್ಲವಂತೆ, ಅವಳ ಗಂಡ ಹೇಳಿದ್ದ. ನನ್ನನ್ನು ‘ಪಾ’ ಅಂತ ಕರೆಯುತ್ತಿದ್ದಳು. ದೊಡ್ಡಮ್ಮ ಅಂತ ಅರ್ಥವಂತೆ. ಮಗು ಅವಳನ್ನು ಮುಂದೆ ‘ಮ್ಯಾ’ ಅನ್ನಬೇಕು, ಅದೇ ಅವರಲ್ಲಿ ಅಮ್ಮ. ಅಮ್ಮಾವ್ರು ಅದನ್ನು ಕೇಳಿ, ಮನೆಯಲ್ಲಿ ಮಗು ಬೆಳೆಸುತ್ತಿದ್ದೀವೋ ಆಡು ಸಾಕುತ್ತಿದ್ದೀವೋ ಅಂದಿದ್ದರು.

ಅವಳ ಊರಲ್ಲೂ ಬಾಣಂತನ ಇತ್ತು. ಅದು ತಿಳಿದಾಗ ನನಗೆ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಹೆತ್ತವಳನ್ನು ಬೆಂಕಿಯ ಪಕ್ಕ ಮಲಗಿಸಿ ಕಾಯಿಸುತ್ತಾರಂತೆ. ನಿಂಬೆಹುಲ್ಲು, ಅರಿಶಿನ, ಅದ್ಯಾವುದೋ ಶುಂಠಿಯಂಥ ಬೇರು ಎಲ್ಲ ಕುಟ್ಟಿ, ಬಟ್ಟೆಯಲ್ಲಿ ಉಂಡೆ ಕಟ್ಟಿ, ಹಬೆಯಲ್ಲಿ ಬಿಸಿ ಮಾಡಿ ಮೈಗೆ ಒತ್ತುತ್ತಾರಂತೆ. ಕೈಸನ್ನೆಯಲ್ಲೇ ಹೇಳಿದಳು. ನಾನು ನಿಂಬೆಹುಲ್ಲಿನ ಜೊತೆ ಸಿಕ್ಕಿದ್ದನ್ನು ಕುಟ್ಟಿ ಹಾಗೇ ಒಂದು ಉಂಡೆ ಕಟ್ಟಿ ಬೆನ್ನಿಗೆ ಒತ್ತಿದೆ, ಉಳಿದ ಹುಲ್ಲನ್ನು ಸ್ನಾನದ ನೀರಿಗೆ ಬಿಟ್ಟೆ. ಅವಳು ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅಳುತ್ತಿದ್ದಳು. ಬಾಣಂತಿ ಅತ್ತರೆ ಒಳ್ಳೆಯದಲ್ಲ ಅಂತ ನಾನು ತಲೆ ಮೇಲೆ ಒಂದು ತಂಬಿಗೆ ನೀರು ಹುಯ್ದೆ.

ಹೆಣ್ಣು ಮಗು. ಬೆಳ್ಳಗೆ, ದುಂಡಗೆ, ತಲೆ ತುಂಬ ಕೂದಲು. ನಾಮಕರಣಕ್ಕೆ ಮುಂಚೆ ಯಾರೋ ನೆಂಟರು ನೋಡಲು ಬಂದಿದ್ದರು. ನಾನು ಆಗಷ್ಟೇ ಎರೆದು ಮುಗಿಸಿ ಹೊಗೆ ಹಾಕುತ್ತಿದ್ದೆ. ಬಂದವರು ಬಾಯಿ ತುಂಬ, ಎಷ್ಟು ಚೆನ್ನಾಗಿದೆ, ಗೊಂಬೆ ಗೊಂಬೆ ಅಂದರು. ಆ ಹುಡುಗಿ ಎದ್ದು ಬಂದು ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಎದೆಗೆ ಒತ್ತಿಕೊಂಡು, ‘ನಾ ಕ್ಲಿಯತ್ ನಾ ಛಂಗ್’ ಅಂದಳು. ಒಂದು ಸಲ ಅಲ್ಲ, ಅದನ್ನೇ ಮತ್ತೆ ಮತ್ತೆ. ಮಗುವಿನ ಮೂಗಿಗೆ ಮೂಗು ತಾಗಿಸಿ ಮುದ್ದಿಸುತ್ತಾ ಅಂದಳು. ಹಾಗಂದರೇನು ಅಂತ ನೆಂಟರು ಕೇಳಿದರು. ಅವಳ ಗಂಡ ನಗುನಗುತ್ತಾ ಇದ್ದ ಹಾಗೇ ಹೇಳಿಬಿಟ್ಟ. ಅಸಹ್ಯವಾಗಿದೆ, ನೋಡಿದರೆ ದ್ವೇಷ ಬರುವ ಹಾಗಿದೆ ಅಂತ ಅರ್ಥ ಅಂದ.

ಅದು ಅವರ ಕಡೆಯ ಪದ್ಧತಿ, ಹಸುಗೂಸನ್ನು ಹೊಗಳಿದರೆ ಏನೋ ಬಂದು ಎತ್ತಿಕೊಂಡು ಹೋಗುತ್ತೆ ಅನ್ನೋ ಭಯಕ್ಕೆ ಹಾಗೆ ಅನ್ನೋದು ಅಂತ ಅವನು ಆಮೇಲೆ ಎಷ್ಟು ಹೇಳಿದರೂ ಅಮ್ಮಾವ್ರ ಕಿವಿಗೆ ಹೋಗಲಿಲ್ಲ.

“ಹೆತ್ತ ಬಾಯಲ್ಲಿ ಬರೋ ಮಾತೇನೋ ಇದು?” ಅಂದರು. “ಇವತ್ತಿಂದ ಮಗು ಹತ್ರ ಆ ಭಾಷೆ ಬೇಡ. ಕನ್ನಡ ಬರೋವರೆಗೂ ಸುಮ್ಮನಿರಲಿ.”

ಅವನು ಆಯಿತು ಅಂದ. ಜಗಳ ಬೇಡ ಅನ್ನುವ ಜಾತಿಯ ಗಂಡಸು. ಅವಳಿಗೆ ಹೇಗೆ ಹೇಳಿದನೋ, ಮಾರನೇ ದಿನ ನಾನು ಹೋದಾಗ ಅವಳು ನಿಜವಾಗಲೂ ಸುಮ್ಮನಿದ್ದಳು. ಹಾಲು ಕೊಟ್ಟಳು, ಬಟ್ಟೆ ಬದಲಾಯಿಸಿದಳು, ತಟ್ಟಿದಳು, ಬಾಯಿ ಮಾತ್ರ ಬಿಡಲಿಲ್ಲ. ಅದರ ಮರುದಿನವೂ ಇಲ್ಲ. ಮಗು ಅವಳ ಬಾಯನ್ನೇ ನೋಡುತ್ತಿತ್ತು. ನಾನು ಎಷ್ಟೋ ಭಾಷೆಯವರ ಮನೆಯಲ್ಲಿ ಎರೆದಿದ್ದೇನೆ. ತಮಿಳರು, ತೆಲುಗರು, ಉರ್ದು ಮಾತಾಡುವವರು, ಮಾರ್ವಾಡಿಗಳು. ಆಯಿತು ಆಯಿತು, ಇಷ್ಟೇ, ಮುಗೀತು, ಅಳಬೇಡ... ಎಲ್ಲ ತಾಯಂದಿರೂ ಬಚ್ಚಲ ಬಾಗಿಲಲ್ಲಿ ನಿಂತು ಹೇಳುವುದು ಅದನ್ನೇ. ಮಗುವಿನ ಜೊತೆ ಮಾತಾಡದ ತಾಯಿಯನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಅಮ್ಮಾವ್ರು ಹಿತ್ತಿಲಲ್ಲಿ ತೊಗರಿಬೇಳೆ ಒಣಹಾಕುತ್ತಿದ್ದರು. ಹತ್ತಿರ ಹೋಗಿ ಕೂತೆ. ನನ್ನ ಹೆಸರು ತಿಪ್ಪಮ್ಮ ಯಾಕೆ ಗೊತ್ತಾ ಅಮ್ಮಾವ್ರೇ ಅಂದೆ. ನನಗಿಂತ ಮೊದಲು ಹುಟ್ಟಿದವು ಯಾವುವೂ ನಮ್ಮವ್ವನಿಗೆ ಉಳಿದಿರಲಿಲ್ಲ. ನಾನು ಹುಟ್ಟಿದಾಗ ಮೊರದಲ್ಲಿ ಹಾಕಿ ತಿಪ್ಪೆ ಮೇಲೆ ಇಟ್ಟು ಬಂದರಂತೆ. ಪಕ್ಕದ ಮನೆಯವಳು ಹೋಗಿ ಎತ್ತಿಕೊಂಡು, ಒಂದಿಷ್ಟು ತೌಡಿಗೆ ನಮ್ಮವ್ವನಿಗೇ ಮಾರಿದಳಂತೆ. ಇದು ಕಸ, ಇದು ಯಾರಿಗೂ ಬೇಡ ಅಂತ ಸಾವಿಗೆ ಕಾಣಿಸಲಿ ಅಂತ. ಅದಕ್ಕೇ ಈ ಹೆಸರು. ಈ ಹುಡುಗಿ ಮಾಡಿದ್ದೂ ಅದೇ ಅಲ್ಲವಾ ಅಂದೆ.

“ಅದು ಹಳ್ಳಿ ಕಾಲದ್ದು ಕಣಮ್ಮ,” ಅಂದರು, ಬೇಳೆಯಲ್ಲಿ ಕೈಯಾಡಿಸುತ್ತಾ.

“ನಿನ್ನೆ ನೀವೇ ಮಗೂಗೆ ಕೋತಿ ಮುಸುಡಿ ಅಂತಿದ್ರಿ ಅಮ್ಮಾವ್ರೇ. ನಾನೇ ಕೇಳಿಸ್ಕೊಂಡೆ.”

ಅವರಿಗೆ ನಗು ಬಂತು, ತಡೆದುಕೊಂಡರು. ನಾನು ಕನ್ನಡದಲ್ಲಿ ಅಂದಿದ್ದು, ನಾನೇನಂದೆ ಅಂತ ನನಗೆ ಗೊತ್ತಿರುತ್ತೆ ಅಂದರು. ಆಮೇಲೆ ತುಂಬ ಹೊತ್ತು ಬೇಳೆಯಲ್ಲೇ ಕೈಯಾಡಿಸುತ್ತಾ ಕೂತರು. ಆ ಭಾಷೆ ಮಗುವಿನ ಬಾಯಿಗೆ ಹತ್ತಿದರೆ ಒಂದು ದಿನ ಮಗುವೂ ಹೋಗುತ್ತದೆ, ಹಿಂದೆ ಮಗನೂ ಹೋಗುತ್ತಾನೆ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವರ ಭಯ ಅದೇ ಅಂತ ಆ ಹೊತ್ತು ನನಗೆ ಸ್ವಲ್ಪ ಹೊಳೆಯಿತು. ಕೊನೆಗೆ ಒಂದು ದಾರಿ ಮಾಡಿಕೊಟ್ಟರು.

“ಬಚ್ಚಲಲ್ಲಿ ಏನು ಬೇಕಾದ್ರೂ ಅನ್ಕೊಳ್ಳಲಿ. ಬಚ್ಚಲಲ್ಲಿ ಆಡಿದ್ದು ನೀರಿನ ಜೊತೆ ಹೊರಟೋಗುತ್ತೆ. ನಡುಮನೇಲಿ ಬೇಡ.”

ಅವರು ಅದನ್ನು ನಂಬಿದ್ದರು. ದೃಷ್ಟಿ ತೆಗೆದ ನೀರು ಮೋರಿಗೆ ಹೋಗುವುದಿಲ್ಲವಾ, ಹಾಗೆ ಆ ಮಾತೂ ಹೋಗುತ್ತದೆ, ಮಗುವಿಗೆ ಅಂಟುವುದಿಲ್ಲ ಅಂತ. ನಾನೂ ಆಗ ಇಷ್ಟಾದರೂ ಸಿಕ್ಕಿತಲ್ಲ ಅಂದುಕೊಂಡು ಎದ್ದೆ.

ಅವತ್ತಿನಿಂದ ಆ ಮನೆಯಲ್ಲಿ ಸ್ನಾನ ಉದ್ದವಾಯಿತು. ಬಾಗಿಲು ಹಾಕಿಕೊಂಡು, ನಾನು ಮೊದಲ ತಂಬಿಗೆ ಎತ್ತಿದ ಕೂಡಲೇ ಅವಳು ಶುರು ಮಾಡುತ್ತಿದ್ದಳು. ಹಿಂದಿನ ದಿನದಿಂದ ಬಾಯಲ್ಲಿ ಕಟ್ಟಿಟ್ಟುಕೊಂಡದ್ದೆಲ್ಲ ಒಂದೇ ಸಲಕ್ಕೆ ಬರುತ್ತಿತ್ತು. ಅವಳಿಗೆ ಎಣ್ಣೆ ತಿಕ್ಕುವಾಗಲೂ ಮಗು ಪಕ್ಕದಲ್ಲೇ ಮೊರದಲ್ಲಿ ಇರಬೇಕು, ಮಗುವಿಗೆ ಎರೆಯುವಾಗ ಅವಳು ಒದ್ದೆ ಕೂದಲಲ್ಲಿ ನನ್ನ ಎದುರಿಗೇ ಕೂರಬೇಕು. ಏನು ಹೇಳುತ್ತಿದ್ದಳೋ... ತನ್ನ ತಾಯಿಯ ಸುದ್ದಿಯೋ, ಊರಿನ ಸುದ್ದಿಯೋ. ನೀರಿಗೆ ಅವರಲ್ಲಿ ‘ನಾಮ್’ ಅನ್ನುತ್ತಾರೆ, ಅದೊಂದು ಪದ ನನಗೆ ಗೊತ್ತಾಗುತ್ತಿತ್ತು. ಉಳಿದದ್ದೆಲ್ಲ ಹಬೆಯ ಹಾಗೆ ಸುತ್ತಲೂ ಆಡುತ್ತಿತ್ತು. ಮಗು ಅಳುವುದನ್ನು ಬಿಟ್ಟು ಕೇಳುತ್ತಿತ್ತು. ಹಂಡೆಯಲ್ಲಿ ನೀರು ಮುಗಿದರೂ ನಾನು ತಂಬಿಗೆಯಿಂದ ಒಂದಿಷ್ಟು ಸದ್ದು ಮಾಡುತ್ತಿದ್ದೆ. ಮೊಣಕಾಲು ಜೋಮು ಹಿಡಿಯುತ್ತಿತ್ತು, ಆಮೇಲೆ ಹೋಗಬೇಕಾದ ಮನೆಯವರು ತಡವಾಯಿತು ಅಂತ ಗೊಣಗುತ್ತಿದ್ದರು. ಗೊಣಗಲಿ ಅಂತ ಬಿಟ್ಟೆ.

ಬಾಣಂತನದ ಮೂರು ತಿಂಗಳು ತುಂಬಿದ ಮೇಲೆ ನನ್ನ ಕೆಲಸ ಮುಗಿಯಿತು. ಅಮ್ಮಾವ್ರು ಸೀರೆ ಇಟ್ಟು, ಕುಂಕುಮ ಕೊಟ್ಟು ಕಳಿಸಿದರು. ಅವಳು ಗೇಟಿನವರೆಗೂ ಬಂದಳು. ‘ಪಾ, ನಾಳೆ ಬರು ಇಲ್ಲ?’ ಅಂದಳು. ಇಲ್ಲ ಕಣವ್ವ, ನಾಳೆಯಿಂದ ನೀನೇ ಎರೀಬೇಕು ಅಂದೆ. ಎರಡೂ ಕೈ ಜೋಡಿಸಿ ಹಣೆಗೆ ತಾಗಿಸಿಕೊಂಡಳು. ಚಿಕ್ಕವರಿಂದ ಹಾಗೆ ಕೈ ಮುಗಿಸಿಕೊಂಡು ಅಭ್ಯಾಸವಿಲ್ಲ ನನಗೆ. ಬೇಗ ಬೇಗ ನಡೆದುಬಿಟ್ಟೆ.

ಮತ್ತೆ ಅವಳು ಸಿಕ್ಕಿದ್ದು ಒಂದೇ ಸಲ, ವರ್ಷಗಳಾದ ಮೇಲೆ, ರಾಜಾಜಿನಗರದ ಒಂದು ಬಸ್ ಸ್ಟಾಪಿನಲ್ಲಿ. ನಾನು ಗುರುತು ಹಿಡಿಯಲಿಲ್ಲ. ‘ಪಾ’ ಅಂತ ಹಿಂದಿನಿಂದ ಕೇಳಿಸಿತು. ಸೀರೆ ಉಟ್ಟಿದ್ದಳು, ಜಡೆ ಹಾಕಿದ್ದಳು. ಕೈ ಹಿಡಿದುಕೊಂಡು ಸ್ಕೂಲ್ ಯೂನಿಫಾರ್ಮಿನಲ್ಲಿ ಮಗಳು, ಮುಂದಿನ ಹಲ್ಲು ಬಿದ್ದಿದ್ದವು. ಕನ್ನಡ ಪಟಪಟ ಅಂತ ಆಡುತ್ತಿತ್ತು ಮಗು. ನಾನು ಎರೆದ ತಲೆ ಇದು ಅಂತ ಸವರಿ ಸವರಿ ನೋಡಿದೆ. ಸಂತೋಷಕ್ಕೆ ಏನು ಮಾತಾಡಬೇಕೋ ತಿಳಿಯದೆ, ಅಮ್ಮನ ಭಾಷೆ ಬರುತ್ತಾ ಪುಟ್ಟಿ ನಿನಗೆ ಅಂದೆ.

ಮಗು ತಾಯಿಯ ಮುಖ ನೋಡಿತು.

“ಅದು ಸ್ನಾನದ ಭಾಷೆ ಅಲ್ವಾ ಅಜ್ಜಿ?”

ಸೋಪು ಹಚ್ಚುವಾಗ ಆಡುವುದು, ಟವಲು ಸುತ್ತಿದ ಮೇಲೆ ನಿಲ್ಲಿಸುವುದು. ಒಂದು ದೇಶದ ತುಂಬ ಜನ ಅದನ್ನು ಬೀದಿಯಲ್ಲಿ, ಅಂಗಡಿಯಲ್ಲಿ, ಜಗಳದಲ್ಲಿ ಆಡುತ್ತಾರೆ ಅಂತ ಆ ಮಗುವಿಗೆ ಯಾರೂ ಹೇಳಿರಲಿಲ್ಲ. ನಾನು ಅವಳ ಕಡೆ ನೋಡಿದೆ. ಅವಳು ನಕ್ಕಳು. ಕನ್ನಡದಲ್ಲೇ ಹೇಳಿದಳು, ಬಾಲ ಎಲ್ಲ ಕಟ್ಟಿ, ಸರಿಯಾಗಿ. ಏರಿಳಿತ ಮಾತ್ರ ಅವಳದೇ.

“ಈಗ ಅವಳೇ ಸ್ನಾನ ಮಾಡ್ಕೋತಾಳೆ ಪಾ. ಬಾಗಿಲು ಹಾಕ್ಕೋತಾಳೆ. ದೊಡ್ಡವಳಾದಳು.”

ಬಸ್ಸು ಬಂತು. ಹತ್ತಿಸಿದೆ. ಕಿಟಕಿಯಿಂದ ಮಗು ಕೈ ಬೀಸಿತು. ನಾನು ಹತ್ತಬೇಕಾದ ಬಸ್ಸೂ ಬಂದು ಹೋಯಿತು, ಹತ್ತಲಿಲ್ಲ. ಕೂತೇ ಇದ್ದೆ...

ಅಮ್ಮಾವ್ರು ತೀರಿಕೊಂಡರು ಅಂತ ಆಮೇಲೆ ಯಾರೋ ಹೇಳಿದರು. ಒಂದು ದಿನ ಆ ಕಡೆ ಹೋದಾಗ ಮನೆ ಇರಲಿಲ್ಲ. ಹೊಸ ಕಟ್ಟಡ, ಕೆಳಗೆ ಅಂಗಡಿ, ಮೇಲೆ ಬಾಡಿಗೆಗೆ. ಹಳಬರು ಎಲ್ಲಿ ಹೋದರು ಅಂತ ಅಂಗಡಿಯವನನ್ನು ಕೇಳಿದೆ. ಗೊತ್ತಿಲ್ಲ ಅಜ್ಜಿ ಅಂದ.

ಇನ್ನು ನನ್ನ ಮನೆಯ ವಿಷಯಕ್ಕೆ ಬರುತ್ತೇನೆ. ಮಗ ಅಡುಗೆ ಕೆಲಸದವನು. ವಿಜಯನಗರದ ದರ್ಶಿನಿಯೊಂದರಲ್ಲಿ ದೋಸೆ ಹಾಕುತ್ತಿದ್ದವನನ್ನು ಯಾರೋ ಜಾರ್ಜಿಯಾ ಅನ್ನುವ ದೇಶಕ್ಕೆ ಕರೆದುಕೊಂಡು ಹೋದರು. ಅಲ್ಲಿ ನಮ್ಮ ಕಡೆಯ ಮಕ್ಕಳು ಡಾಕ್ಟರ್ ಓದುತ್ತಾರಲ್ಲ, ಅವರಿಗೆ ಅನ್ನ ಸಾರು ಮಾಡಿ ಹಾಕುವ ಮೆಸ್ಸು. ಅದೇ ಮೆಸ್ಸಿಗೆ ಹಾಲು, ಗಿಣ್ಣು ಹಾಕಲು ಬರುತ್ತಿದ್ದ ಹುಡುಗಿ ಈಗ ನನ್ನ ಸೊಸೆ. ಅವಳ ತಾಯಿ ಇಲ್ಲ. ನಮ್ಮಮ್ಮ ಬಾಣಂತನ ಮಾಡಿಸ್ತಾನೇ ಜೀವನ ಮಾಡಿದೋಳು, ಹೆರಿಗೆಗೆ ಅವಳ ಹತ್ರ ಹೋಗೋಣ ಅಂತ ಮಗ ಕರೆದುಕೊಂಡು ಬಂದ. ಅದನ್ನು ಫೋನಿನಲ್ಲಿ ಕೇಳಿದ ದಿನ ನಾನು ಹೇರೋಹಳ್ಳಿಯ ಈ ಹಳ್ಳ ಬಿದ್ದ ರಸ್ತೆಯಲ್ಲಿ, ಈ ಕಾಲಿನಲ್ಲಿ, ಮನೆಮನೆಗೂ ಹೋಗಿ ಹೇಳಿ ಬಂದೆ.

ಸೊಸೆಯ ಭಾಷೆ ಬೇರೆಯೇ ತರಹ. ಬಸವೇಶ್ವರನಗರದವಳದು ನೀರಿನ ಮೇಲೆ ತೇಲಿದರೆ ಇವಳದು ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಏರಿಳಿತ ಇಲ್ಲ, ಪದದ ಒಳಗೇ ಗುದ್ದಾಟ. ಗಂಟಲಲ್ಲಿ ಏನೋ ಪಟ್ ಅಂತ ಒಡೆಯುತ್ತದೆ. ನೀರಿಗೆ ಅವರು ‘ತ್ಸ್ಕಾಲಿ’ ಅನ್ನುತ್ತಾರೆ. ‘ನಾಮ್’ ಅನ್ನುವುದು ಎಷ್ಟು ಸಲೀಸಾಗಿ ಜಾರಿತ್ತು ಬಾಯಿಂದ! ಈ ನೀರನ್ನು ಹೇಳಬೇಕಾದರೆ ಕೊಬ್ಬರಿ ಕಡಿದಷ್ಟು ಕೆಲಸ. ಅವರಲ್ಲಿ ಅಮ್ಮ ಅಂದರೆ ‘ದೆದಾ’, ಅಪ್ಪ ಅಂದರೆ ‘ಮಾಮಾ’. ಹೆತ್ತ ಅಪ್ಪನನ್ನೇ ಮಾಮ ಅಂತಾನಲ್ಲೇ ನಿನ್ನ ಮೊಮ್ಮಗ ಅಂತ ಬೀದಿಯವರೆಲ್ಲ ನಕ್ಕರು. ಆದರೆ ಇವಳಿಗೆ ನಮ್ಮ ಕನ್ನಡದ ಬಾಲಗಳು ಬೇಗ ಹತ್ತಿದವು. ಅವರಲ್ಲೂ ಒಂದೇ ಪದಕ್ಕೆ ಹಿಂದೆ ಮುಂದೆ ಕಟ್ಟಿ ಕಟ್ಟಿ ಉದ್ದ ಮಾಡುತ್ತಾರಂತೆ. ‘ಬಂದುಬಿಟ್ಟಿದ್ದಾಳಂತೆ’ ಅನ್ನುವುದನ್ನು ಇವಳು ಒಂದೇ ಉಸಿರಿಗೆ ಅನ್ನುತ್ತಾಳೆ. ಆ ಹುಡುಗಿಗೆ ಅದೇ ಬೆಟ್ಟವಾಗಿತ್ತು. ಅವಳಿಗೆ ಸುಲಭವಾಗಿದ್ದ ‘ಬಾ’, ‘ಹೋಗು’, ‘ಕೂತ್ಕೋ’ ಇವಳ ಬಾಯಲ್ಲಿ ಬರಿಯಾಗಿ ನಿಲ್ಲುವುದೇ ಇಲ್ಲ, ಏನಾದರೊಂದು ಅಂಟಿಸುತ್ತಾಳೆ.

ಮಗುವನ್ನು ಮುದ್ದಿಸುವುದರಲ್ಲೂ ಹಾಗೇ. ಆ ಹುಡುಗಿ ಕೆಟ್ಟದ್ದು ಅಂದು ಕಾಪಾಡಿದಳು. ಇವಳು ‘ಶೆನ್ ಗೆನಾತ್ಸ್ವಾಲೆ’ ಅನ್ನುತ್ತಾಳೆ. ನಿನಗೆ ಬರೋದೆಲ್ಲ ನನಗೆ ಬರಲಿ ಅಂತ ಅರ್ಥ ಅಂದ ಮಗ. ನಾವು ಕೆನ್ನೆ ಸವರಿ ನೆಟಿಗೆ ಮುರಿಯುವುದಿಲ್ಲವಾ, ಅದನ್ನೇ ಇವರು ಬಾಯಲ್ಲಿ ಮಾಡುತ್ತಾರೆ. ಇನ್ನೂ ಒಂದು ಸೋಜಿಗ, ತಾಯಿಯಾದವಳು ಮಗುವನ್ನೇ ‘ದೆದಾ’ ಅಂತ ಕರೆಯುತ್ತಾಳೆ. ನಾವು ಗಂಡುಮಗುವನ್ನು ನಮ್ಮಪ್ಪ, ಹೆಣ್ಣುಮಗುವನ್ನು ನಮ್ಮಮ್ಮ ಅನ್ನುತ್ತೀವಲ್ಲ, ಹೆಚ್ಚುಕಡಿಮೆ ಹಾಗೆ. ಎರಡು ಭಾಷೆಗೂ ಒಂದಕ್ಕೊಂದು ಮುಖ ನೋಡಿದ ಪರಿಚಯವಿಲ್ಲ. ಎರಡನ್ನೂ ಕೇಳಿದ ಕಿವಿ ಈ ಬೀದಿಯಲ್ಲಿ ನನ್ನದೊಂದೇ ಇರಬೇಕು. ಆ ಹೆಮ್ಮೆ ನನಗಿದೆ, ಇಲ್ಲ ಅನ್ನುವುದಿಲ್ಲ.

ಇಷ್ಟೆಲ್ಲ ಸೊಸೆಯ ಬಾಯಿಂದ ಕೇಳಿದ್ದು ಎಲ್ಲಿ ಅಂತ ನಾನು ಯೋಚಿಸಿದ್ದು ಮೊನ್ನೆ, ಆ ಹಬೆ ಎದ್ದಾಗ. ಬಚ್ಚಲಲ್ಲಿ! ನಾನು ತಂಬಿಗೆ ಎತ್ತಿದಾಗ ಶುರು ಮಾಡುತ್ತಿದ್ದಳು, ಟವಲಿನಲ್ಲಿ ಮಗುವನ್ನು ಸುತ್ತಿ ನಡುಮನೆಗೆ ಬಂದರೆ ನಿಲ್ಲಿಸುತ್ತಿದ್ದಳು. ಹೊರಗೆ ಬರೀ ‘ಚಿನ್ನ, ಬಂಗಾರ’, ನಾವು ಕಲಿಸಿದ್ದು ಅಷ್ಟೇ. ನನ್ನ ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತಿತು.

ಯಾಕೆ ಹೀಗೆ ಅಂತ ಮಗನನ್ನು ಕೇಳಿದೆ. ಅವನು ಮೊದಲು ಏನೂ ಇಲ್ಲ ಅಂದ. ಆಮೇಲೆ, ಅಕ್ಕ ಅಂದಿದ್ದಳು ಅಂದ. ನನ್ನ ಮಗಳು ನಾಯಂಡಹಳ್ಳಿಯಲ್ಲಿದ್ದಾಳೆ, ಭಾನುವಾರ ಭಾನುವಾರ ಬರುತ್ತಾಳೆ. ಮಗುವಿನ ಕಿವಿಗೆ ಎರಡೆರಡು ಭಾಷೆ ಬಿದ್ದರೆ ಮಾತು ಬರುವುದು ತಡವಾಗುತ್ತದೆ, ಇಲ್ಲಿರೋವಷ್ಟು ದಿನವಾದರೂ ಬರೀ ಕನ್ನಡ ಕೇಳಲಿ ಅಂತ ಅವಳು ಹೇಳಿದ್ದಳಂತೆ. ಸೊಸೆ ತಲೆಯಾಡಿಸಿ ಒಪ್ಪಿಕೊಂಡಿದ್ದಳಂತೆ. ಅತ್ತೆ ಮನೆಯಲ್ಲಿ ಯಾರಿಗೂ ಬೇಜಾರಾಗಬಾರದು ಅಂತ. ಒಳ್ಳೆಯದಕ್ಕೇ ಹೇಳಿದ್ದಳು ನನ್ನ ಮಗಳೂ.

ಈ ಭಾನುವಾರ ಅವಳು ಬಂದಾಗ ನಾನು ಸೊಸೆಯನ್ನು ನಡುಮನೆಯಲ್ಲಿ ಕೂರಿಸಿದೆ, ಮಗುವನ್ನು ತೊಡೆ ಮೇಲೆ ಕೊಟ್ಟೆ. ಇಲ್ಲೇ ಮಾತಾಡಮ್ಮ, ನಿನ್ನ ಮಾತಲ್ಲೇ ಮಾತಾಡು, ಅಡುಗೆಮನೇಲೂ ಮಾತಾಡು, ಬಾಗಿಲಲ್ಲೂ ಮಾತಾಡು ಅಂದೆ. ಮಗ ಅದನ್ನು ಅವಳಿಗೆ ತಿಳಿಸಿದ. ಅವಳು ನನ್ನನ್ನೂ ನನ್ನ ಮಗಳನ್ನೂ ನೋಡಿದಳು. ಆಮೇಲೆ ಬಗ್ಗಿ ಮೆಲ್ಲಗೆ ಶುರು ಮಾಡಿದಳು. ಬರುಬರುತ್ತಾ ದನಿ ದೊಡ್ಡದಾಯಿತು. ಮಗು ಕೈಕಾಲು ಬಡಿಯಿತು.

ನನ್ನ ಮಗಳು ನನ್ನನ್ನು ಅಡುಗೆಮನೆಗೆ ಕರೆದಳು. ಸಿಟ್ಟಿನಿಂದಲ್ಲ.

“ಅಮ್ಮ, ಇವರು ಮುಂದಿನ ತಿಂಗಳು ಹೊರಟುಹೋಗ್ತಾರೆ. ಅಲ್ಲೆಲ್ಲ ಅದೇ ಭಾಷೆ. ಇಲ್ಲೂ ಅದನ್ನೇ ಹಚ್ಚಿಬಿಟ್ರೆ ನಾಳೆ ಅವನು ನಿನ್ ಹತ್ರ ಏನು ಮಾತಾಡ್ತಾನೆ ಹೇಳು?”

ಅಮ್ಮಾವ್ರು ಬೇಳೆಯಲ್ಲಿ ಕೈಯಾಡಿಸುತ್ತಾ ಕೂತಿದ್ದರಲ್ಲ, ಅಷ್ಟು ಹೊತ್ತು ಏನು ನೋಡುತ್ತಿದ್ದರು ಅನ್ನುವುದು ಆವತ್ತು ಸ್ವಲ್ಪ ಹೊಳೆದಿತ್ತು, ಈಗ ಪೂರ್ತಿ ಗೊತ್ತಾಯಿತು. ಫೋನಿನ ಪರದೆಯಲ್ಲಿ ಅವನು ಬರುತ್ತಾನೆ. ನನ್ನನ್ನು ಅಜ್ಜಿ ಅನ್ನುವುದಿಲ್ಲ, ಅವರಲ್ಲಿ ಅದಕ್ಕೆ ‘ಬೆಬಿಯಾ’. ನಾನು ಊಟ ಆಯ್ತಾ ನಮ್ಮಪ್ಪ ಅನ್ನುತ್ತೇನೆ, ಅವನು ಅಮ್ಮನ ಕಡೆ ತಿರುಗಿ ಇವರು ಏನಂದರು ಅಂತ ಕೇಳುತ್ತಾನೆ. ಅಷ್ಟೇ. ನನಗೆ ಉಳಿದಿರುವ ವರ್ಷಗಳಲ್ಲಿ ಅದಕ್ಕಿಂತ ಹೆಚ್ಚು ಆಗುವ ಹಾಗೆ ಕಾಣುವುದಿಲ್ಲ.

ಆಗಲಿ ಬಿಡು ಅಂದೆ ಮಗಳಿಗೆ. ಅವನಮ್ಮನ ಹತ್ತಿರವಾದರೂ ಪೂರ್ತಿ ಮಾತಾಡಲಿ.

ಎಷ್ಟು ಸುಸ್ತಾಗುತ್ತದೆ ಈಗೀಗ. ಎರೆದು ಎದ್ದ ಮೇಲೆ ಗೋಡೆಗೆ ಒರಗಿ ಒಂದು ಲೋಟ ಕಾಫಿ ಮುಗಿಸುವ ತನಕ ಏನೂ ಬೇಡ ಅನ್ನಿಸುತ್ತದೆ. ಆ ಹುಡುಗಿಗೂ ಈಗ ತಲೆಗೂದಲು ನರೆತಿರಬೇಕು. ಮಗಳು ಮದುವೆ ವಯಸ್ಸಿಗೆ ಬಂದಿರುತ್ತಾಳೆ. ಬಾಯಲ್ಲಿದ್ದ ಅಷ್ಟೊಂದು ಮಾತನ್ನು ಯಾರಿಗೆ ಹೇಳಿ ಮುಗಿಸಿದಳೋ, ಮುಗಿಸಿದಳೋ ಇಲ್ಲವೋ... ಹುಡುಕುವುದಕ್ಕೆ ನನ್ನಲ್ಲಿ ಒಂದು ವಿಳಾಸವೂ ಇಲ್ಲ, ಕಾಲೂ ಇಲ್ಲ.

ಇದನ್ನು ಬರೆಯುತ್ತಿರುವಾಗ ನಡುಮನೆಯಲ್ಲಿ ಸೊಸೆ ಮಗುವಿಗೆ ಏನೋ ಉದ್ದದ ಕಥೆ ಹೇಳುತ್ತಿದ್ದಾಳೆ. ಬಾಗಿಲು ತೆರೆದಿದೆ, ಬೀದಿಯವರಿಗೆಲ್ಲ ಕೇಳಿಸುತ್ತದೆ. ನಾನು ನೋಡುತ್ತಿರುವುದನ್ನು ಕಂಡು ಅವಳು ನಿಲ್ಲಿಸಿದಳು. ನನಗೂ ತಿಳಿಯಲಿ ಅಂತ ಕನ್ನಡದಲ್ಲಿ ಬಿಡಿಸಿ ಹೇಳಲು ಹೊರಟಳು, ಪದ ಹುಡುಕಿದಳು.

“ನನಗೆ ಬೇಡ ಕಣಮ್ಮ,” ಅಂದೆ. “ಅವನಿಗೆ ಹೇಳು.”